ಆ ಒಂದು ಪದ ಕಾಯ್ದೆಯೊಳಗೆ ಹೆಂಗ್ ಬಂತು?

(ಚಿಕ್ಕಮಗಳೂರಲ್ಲಿ ಓದು ಬಳಗದ ಗೆಳೆಯರು ಕರ್ದಿದ್ರು, ಅಲ್ಲಿ ಮಾತಾಡಿದ್ದು ಇದು. ಒಬ್ಬ ಹುಡುಗ ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದ, ಅದನ್ನ ಕೇಳ್ಕೊಂಡು ಟೈಪ್ ಮಾಡಿದೀನಿ. ಮಧ್ಯೆ ಕರೆಂಟ್ ಹೋಗಿ ಮೈಕ್ ಇಲ್ದೆ ಕೂಗಾಡಿದ್ದನ್ನ ಬಿಟ್ಟಿದೀನಿ. ಒಂದೆರಡು ಕಡೆ ಇಸವಿ ತಪ್ಪು ಹೇಳಿದ್ದೆ, ಸರಿ ಮಾಡಿದೀನಿ. ಉಳಿದಿದ್ದು ಹೇಳಿದಂಗೇ ಇದೆ.)

ಎಲ್ರಿಗೂ ನಮಸ್ಕಾರ. ಸಂಸತ್ತಲ್ಲಿ ಕಾನೂನು ಹೆಂಗಾಗುತ್ತೆ, ಅದರ ಮೇಲೆ ಯಾರ್ಯಾರ ಪ್ರಭಾವ ಇರುತ್ತೆ ಅಂತ ಮಾತಾಡಿ ಅಂದ್ರು. ಚಿಕ್ಕಮಗಳೂರಿನೋರಿಗೆ ಸಂಸತ್ತಿನ ಬಗ್ಗೆ ಹೇಳೋದು ಅಂದ್ರೆ ಸ್ವಲ್ಪ ಧೈರ್ಯ ಬೇಕು ಮಾರಾಯ್ರೆ. 1978ರ ನವೆಂಬರಲ್ಲಿ ಇಂದಿರಾ ಗಾಂಧಿಯವರನ್ನ ಗೆಲ್ಸಿ ಕಳ್ಸಿದ ಊರು ಇದು, ಡಿಸೆಂಬರ್ 19ಕ್ಕೆ ಅವರನ್ನ ಲೋಕಸಭೆಯಿಂದ ಉಚ್ಚಾಟನೆ ಮಾಡಿದ್ರು, ಅಂದ್ರೆ ಇಷ್ಟು ಜನ ಹಾಕಿದ ವೋಟು ಒಂದೂವರೆ ತಿಂಗಳೊಳಗೆ ಸದನದ ಒಂದು ನಿರ್ಣಯದಲ್ಲಿ ಹೋಯ್ತು. ಸದನದಲ್ಲಿ ಬಹುಮತ ಅಂದ್ರೆ ಏನು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ಹಿರಿಯರು ಕೂತಿದೀರ.

ನಾನು ಬರೋವಾಗ ಒಂದು ಪೇಪರ್ ಕಟಿಂಗ್ ತಂದಿದೀನಿ. ಹೆಸರುಗಳ ಮೇಲೆ ಪೆನ್ನಲ್ಲಿ ಗೀಚಿದೀನಿ, ಅದು ನಮಗೆ ಬೇಡ. ಇ-ಹರಾಜು ಪ್ರಕಟಣೆ. ಸಾಲಗಾರರು, ಜಾಮೀನುದಾರರು, ಬಾಕಿ ಎಷ್ಟು, ಆಮೇಲೆ ಸರ್ವೆ ನಂಬರು, ಎಕರೆ ಗುಂಟೆ, ಚೆಕ್ಕುಬಂದಿ. ಪೂರ್ವಕ್ಕೆ ಇಂಥೋರ ತೋಟ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಸರ್ಕಾರಿ ಕಾಡು, ದಕ್ಷಿಣಕ್ಕೆ ರಸ್ತೆ. ಕೆಳಗೆ ಮುಂಗಡ ಠೇವಣಿ ಎಷ್ಟು, ಹರಾಜು ಎಷ್ಟು ಗಂಟೆಗೆ. ಇಂಥ ಪ್ರಕಟಣೆ ನಮ್ಮ ಕಡೆ ಪೇಪರಲ್ಲಿ ನೀವೂ ನೋಡಿರ್ತೀರ, ಕೆಲವು ಸಲ ಚೆಕ್ಕುಬಂದಿ ಓದಿದ್ರೇ ಯಾರ ತೋಟ ಅಂತ ಗೊತ್ತಾಗೋಗುತ್ತೆ, ಹೆಸರು ಓದೋದೂ ಬೇಡ. ಮೇಲ್ಗಡೆ ಸಣ್ಣಕ್ಷರದಲ್ಲಿ ಸರ್ಫೇಸಿ ಕಾಯ್ದೆ 2002 ಅಂತಿರುತ್ತೆ ನೋಡಿ, ಇವತ್ತಿನ ಮಾತೆಲ್ಲ ಅದರ ಸುತ್ತನೇ.

ಈ ಕಾಯ್ದೆ ಪ್ರಕಾರ ಬ್ಯಾಂಕ್ ಮೊದಲು 60 ದಿನದ ನೋಟಿಸ್ ಕೊಡುತ್ತೆ, ದುಡ್ಡು ಕಟ್ಲಿಲ್ಲ ಅಂದ್ರೆ ಕೋರ್ಟಿಗೆ ದಾವೆ ಹಾಕ್ದೆ ತಾನೇ ಆಸ್ತಿ ಸ್ವಾಧೀನ ತಗೊಂಡು ಮಾರ್ಬಹುದು. ಮುಂಚೆ ಹಿಂಗಿರ್ಲಿಲ್ಲ, ಸಿವಿಲ್ ದಾವೆ ಹಾಕ್ಬೇಕಿತ್ತು, ವರ್ಷಗಟ್ಲೆ ಎಳೀತಿತ್ತು. ಈಗ ಪ್ರಶ್ನೆ ಏನಂದ್ರೆ, ಇದೇ ಕಾಯ್ದೆಯ 31ನೇ ಕಲಂನಲ್ಲಿ ಒಂದು ಸಾಲು ಇದೆ, ಕೃಷಿ ಭೂಮಿ ಮೇಲಿನ ಅಡಮಾನಕ್ಕೆ ಈ ಕಾಯ್ದೆ ಅನ್ವಯ ಆಗಲ್ಲ ಅಂತ. ರಾಗಿ ಹೊಲ, ಗದ್ದೆ ಇಟ್ಟು ಸಾಲ ಮಾಡಿದ್ರೆ ಬ್ಯಾಂಕ್ ಹಿಂಗೆ ನೇರವಾಗಿ ಹರಾಜು ಹಾಕೋಕಾಗಲ್ಲ. ಹಾಗಾದ್ರೆ ಕಾಫಿ ತೋಟ ಕೃಷಿ ಭೂಮಿ ಹೌದೋ ಅಲ್ವೋ? ಕಾಯ್ದೆಯಲ್ಲಿ ಕೃಷಿ ಭೂಮಿ ಅಂದ್ರೆ ಏನು ಅಂತ ವ್ಯಾಖ್ಯಾನವೇ ಇಲ್ಲ! ಬ್ಯಾಂಕಿನೋರು ಹೇಳೋದು ಇದು ಪ್ಲಾಂಟೇಷನ್, ಕಮರ್ಷಿಯಲ್ ಅಂತ. ಬೆಳೆಗಾರರು ಹೇಳೋದು ಮಣ್ಣಲ್ಲಿ ಗಿಡ ನೆಟ್ಟು ಮಳೆ ಕಾಯ್ಕೊಂಡು ಕೂತ್ಕೊಳ್ಳೋದು ಕೃಷಿ ಅಲ್ದೆ ಇನ್ನೇನು ಅಂತ. ಬೆಳೆಗಾರರ ಸಂಘದೋರು ಡೆಲ್ಲಿಗೆ ಹೋಗಿ ಮಂತ್ರಿಗಳಿಗೆ ಮನವಿ ಕೊಟ್ಟು ಬಂದಿದ್ದನ್ನ ಪೇಪರಲ್ಲಿ ಎಷ್ಟೋ ಸಲ ಓದಿದೀವಿ.

ಅಂದ್ರೆ ಎರಡೇ ಪದ, ಕೃಷಿ ಭೂಮಿ. ಆ ಪದದ ಪಕ್ಕ ಇನ್ನೊಂದು ಸಾಲು, ಕಾಫಿ ಮೆಣಸು ಏಲಕ್ಕಿ ಸೇರಿದಂತೆ ಅಂತ ಬರ್ದಿದ್ರೆ ಈ ಕಟಿಂಗ್ ನನ್ನ ಜೇಬಲ್ಲಿರ್ತಿರ್ಲಿಲ್ಲ. ಬರೀಲಿಲ್ಲ ಯಾಕೆ? ಬರ್ಯೋ ಹೊತ್ತಿಗೆ ಆ ರೂಮಲ್ಲಿ ಯಾರಿದ್ರು? ನನಗೆ ಕಾನೂನಿನ ಮೇಲೆ ಪ್ರಭಾವ ಅಂದ್ರೆ ಇದೇ, ಪದ ಆರಿಸೋ ಹೊತ್ತಲ್ಲಿ ಯಾರು ಹತ್ರ ಕೂತಿದ್ರು ಅನ್ನೋದು. ಟೀವಿಯಲ್ಲಿ ಸದನದ ಗಲಾಟೆ ನೋಡ್ತೀವಲ್ಲ, ಆ ಹೊತ್ತಿಗೆ ಅಡುಗೆ ಮುಗ್ದು ಎಲೆ ಹಾಕಿರ್ತಾರೆ.

ಸರ್ಫೇಸಿ ಎಲ್ಲಿಂದ ಬಂತು ನೋಡಿ. 1991ರಲ್ಲಿ ಒಂದು, 1998ರಲ್ಲಿ ಇನ್ನೊಂದು, ಬ್ಯಾಂಕಿಂಗ್ ಸುಧಾರಣೆಗೆ ಅಂತ ನರಸಿಂಹಂ ಸಮಿತಿ ವರದಿಗಳು ಬಂದ್ವು, ಆಮೇಲೆ ಅಂಧ್ಯಾರುಜಿನ ಸಮಿತಿ. ಬ್ಯಾಂಕುಗಳ ವಸೂಲಾಗದ ಸಾಲ ಬೆಟ್ಟದಂಗೆ ಬೆಳ್ದಿತ್ತು, ದೊಡ್ಡ ದೊಡ್ಡ ಕಂಪನಿಗಳು ಕೋರ್ಟಲ್ಲಿ ಎಳ್ದಾಡ್ತಿದ್ವು, ಅದಕ್ಕೊಂದು ದಾರಿ ಬೇಕಿತ್ತು, ಅದು ನಿಜವಾದ ಸಮಸ್ಯೆನೇ. 2002ರ ಜೂನಲ್ಲಿ ಸುಗ್ರೀವಾಜ್ಞೆ ಬಂತು, ಡಿಸೆಂಬರಲ್ಲಿ ಕಾಯ್ದೆ ಆಯ್ತು. ಈ ಸಮಿತಿಗಳ ಕಣ್ಮುಂದೆ ಇದ್ದಿದ್ದು ಬ್ಯಾಂಕು ಮತ್ತೆ ಫ್ಯಾಕ್ಟರಿ ಮಾಲೀಕ. ಮೂಡಿಗೆರೆ ಕಡೆ ಆರೆಕರೆ ರೋಬಸ್ಟಾ ಇಟ್ಕೊಂಡಿರೋ ಮನುಷ್ಯ ಅವರ ಲೆಕ್ಕದಲ್ಲೇ ಇರ್ಲಿಲ್ಲ ಅನ್ಸುತ್ತೆ. ಯಾರೋ ಸೇಡಿಗೆ ಬಿಟ್ಟಿದ್ದಲ್ಲ ಇದು, ನೆನಪಾಗ್ಲಿಲ್ಲ ಅಷ್ಟೇ, ನೆನಪಿಸೋಕೆ ಹತ್ರ ಯಾರೂ ಇರ್ಲಿಲ್ಲ.

ಹಂಗಂತ ಕಾಯ್ದೆ ಪಾಸಾದ್ಮೇಲೆ ಕಲ್ಲಲ್ಲಿ ಕೆತ್ತಿದಂಗೆ ಅಂತೇನಿಲ್ಲ. ಮೊದಲು ಈ ಕಾಯ್ದೆಯಲ್ಲಿ ಇನ್ನೊಂದು ಕೊಕ್ಕೆ ಇತ್ತು, ಬ್ಯಾಂಕ್ ಮಾಡಿದ್ದು ತಪ್ಪು ಅಂತ ಸಾಲ ವಸೂಲಿ ಕೇಸು ನೋಡೋ ಟ್ರಿಬ್ಯೂನಲ್‌ಗೆ ಹೋಗ್ಬೇಕಂದ್ರೆ ಬ್ಯಾಂಕ್ ಕೇಳಿದ ದುಡ್ಡಿನ ಮುಕ್ಕಾಲು ಭಾಗ, ನೂರಕ್ಕೆ 75, ಮೊದಲೇ ಕಟ್ಬೇಕು. ದುಡ್ಡಿದ್ದಿದ್ರೆ ಸಾಲಾನೇ ತೀರಿಸ್ತಿದ್ದ ಅಲ್ವಾ? 2004ರಲ್ಲಿ ಮರ್ಡಿಯಾ ಕೆಮಿಕಲ್ಸ್ ಕೇಸಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನ ಎತ್ತಿಹಿಡೀತು, ಆದ್ರೆ ಈ 75ರ ಷರತ್ತು ಹೊಡೆದುಹಾಕ್ತು, ಆಮೇಲೆ ಸಂಸತ್ತು ತಿದ್ದುಪಡಿ ತಂತು. ಅದನ್ನ ತೆಗೆಸಿದ್ದು ದೊಡ್ಡ ಲಾಯರ್ ಇಟ್ಕೊಳ್ಳೋ ತಾಕತ್ತಿದ್ದ ಕಂಪನಿಗಳು, ಅದರ ನೆರಳಲ್ಲಿ ನಮ್ಮಂಥೋರಿಗೂ ಸ್ವಲ್ಪ ಅನುಕೂಲ ಆಯ್ತು.

ಈಗ ಇನ್ನೂ ಹಿಂದಕ್ಕೆ ಹೋಗ್ತೀನಿ, ಯಾಕಂದ್ರೆ ಕಾಫಿಯೋರಿಗೆ ಡೆಲ್ಲಿಯಲ್ಲಿ ಕಾನೂನು ಮಾಡೋರು ಕಿವಿಗೊಟ್ಟಿದ್ದ ಕಾಲಾನೂ ಒಂದಿತ್ತು. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯ್ತು, ನಮ್ಮ ಕಾಫಿ ಹೋಗ್ತಿದ್ದ ಯೂರೋಪಿನ ಮಾರ್ಕೆಟ್ ಮುಚ್ಚೋಯ್ತು. ತೋಟಗಳಲ್ಲಿ ಮಾಲು ಬಿದ್ದಿದೆ, ತಗೊಳ್ಳೋರಿಲ್ಲ. ಆಗ ತೋಟದ ಮಾಲೀಕರಲ್ಲಿ ಬ್ರಿಟಿಷರೂ ಇದ್ರಲ್ಲ, ಅವರ ಮಾತು ಮೇಲೆ ತಲುಪೋಕೆ ತಡ ಏನಾಗಲ್ಲ. 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯ್ದೆ, ಕಾಫಿ ಬೋರ್ಡು. ಬೆಳೆದಿದ್ದನ್ನೆಲ್ಲ ಬೋರ್ಡಿನ ಪೂಲಿಗೆ, ಅಂದ್ರೆ ಎಲ್ಲರದ್ದೂ ಸೇರೋ ಒಟ್ಟು ರಾಶಿಗೆ ಹಾಕ್ಬೇಕು, ಬೋರ್ಡ್ ಮಾರುತ್ತೆ, ದುಡ್ಡು ಕಂತು ಕಂತಲ್ಲಿ ಬರುತ್ತೆ. ಮುಳುಗೋನಿಗೆ ಹಗ್ಗ ಎಸೆದಂಗೆ ಬಂದ ಕಾನೂನು ಅದು. ಯುದ್ಧ ಮುಗೀತು, ಬ್ರಿಟಿಷರು ಹೋದ್ರು, ಹಗ್ಗ ಮಾತ್ರ ಸೊಂಟಕ್ಕೆ ಕಟ್ಟಿದ್ದು ಬಿಚ್ಚಲೇ ಇಲ್ಲ.

ನಮ್ಮಜ್ಜಂದು ಒಂದು ಕಥೆ ಹೇಳ್ತೀನಿ. ಮಗಳ ಮನೆಗೆ ಅಂತ ಹಾಸನಕ್ಕೆ ಹೊರಟಿದ್ರು, ಕೈಚೀಲದಲ್ಲಿ ಮೇಲೆ ಬಾಳೆಕಾಯಿ, ಕೆಳಗೆ ಬಟ್ಟೆ ಗಂಟಲ್ಲಿ ಒಂದೆರಡು ಸೇರು ಕಾಫಿ ಬೀಜ. ಮನೆ ಖರ್ಚಿಗೆ ಇಷ್ಟು ಅಂತ ಬೆಳೆಗಾರ ಇಟ್ಕೋಬಹುದಿತ್ತು, ಆದ್ರೆ ಪರ್ಮಿಟ್ ಇಲ್ದೆ ಸಾಗಿಸಂಗಿಲ್ಲ. ಗೇಟಲ್ಲಿ ಬಸ್ ನಿಲ್ಸಿ ಚೆಕ್ ಮಾಡೋಕೆ ಹತ್ತಿದ್ರಂತೆ. ಅಜ್ಜ ಗಾಬರಿಯಲ್ಲಿ ಚೀಲದ ಮೇಲೇ ಕೂತ್ಬಿಟ್ರು, ಬಾಳೆಕಾಯಿ ಎಲ್ಲ ಪಚ್ಚೆ. ಏನಜ್ಜ ಅದು ಅಂದ್ರೆ, ಮೂಲವ್ಯಾಧಿ ಕಣಪ್ಪ, ಮೆತ್ತಗಿರ್ಲಿ ಅಂತ ಚೀಲದ ಮೇಲೆ ಕೂತಿದೀನಿ ಅಂದ್ರಂತೆ. ನಾವು ಹುಡುಗ್ರು ಈ ಕಥೆಗೆ ಉರುಳಾಡ್ಕೊಂಡು ನಗ್ತಿದ್ವಿ. ಈಗ ಯೋಚನೆ ಮಾಡಿದ್ರೆ, ತಾನು ಬೆಳೆದ ಬೀಜ ಮಗಳ ಮನೆಗೆ ಒಯ್ಯೋಕೆ ಒಬ್ಬ ಮುದುಕ ಅಷ್ಟು ಜನರ ಮುಂದೆ ಮೂಲವ್ಯಾಧಿ ಅನ್ಬೇಕಾಯ್ತಲ್ಲ.

ಆ ಪೂಲ್ ಪದ್ಧತಿ ಹೋಗಿದ್ದು ಹೆಂಗೆ? ಬೆಳೆಗಾರರು ಕೇಳ್ತಾನೇ ಇದ್ರು, ಮಾರೋ ಸ್ವಾತಂತ್ರ್ಯ ಕೊಡಿ ಅಂತ, ಯಾರೂ ಕೊಡ್ಲಿಲ್ಲ. ಕೊನೆಗೆ ಕೊಡ್ಸಿದ್ದು ನಮ್ಮ ಹೋರಾಟ ಒಂದೇ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡ್ಬಹುದು ಅಂತ ಕಟ್ಟುಹಾಕಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ 1989ರಲ್ಲಿ ಮುರಿದುಬಿತ್ತು, ರೇಟ್ ಪಾತಾಳಕ್ಕೆ ಹೋಯ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೀತು, ಅದು ನಮ್ಮ ದೊಡ್ಡ ಗಿರಾಕಿ. ಅದೇ ವರ್ಷ ಇಲ್ಲಿ ಉದಾರೀಕರಣ. ಮೂರೂ ಒಟ್ಟಿಗೆ ಬಂದ್ಮೇಲೆ ಬೋರ್ಡಿನ ಹಿಡಿತ 1992ರಿಂದ ಒಂದೊಂದೇ ಬೆರಳು ಸಡಿಲ ಆಗಿ 1996ಕ್ಕೆ ಪೂರ್ತಿ ಬಿಟ್ಟೋಯ್ತು. ನಮ್ಮಜ್ಜ ಆ ಹೊತ್ತಿಗಿರ್ಲಿಲ್ಲ. ಲಂಡನ್ನು ಮಾಸ್ಕೋದಲ್ಲಿ ಆಗೋದು ಬಾಳೆಹೊನ್ನೂರಿನ ಕಾನೂನು ಬದಲಾಯಿಸುತ್ತೆ ಅಂದ್ರೆ ಅಜ್ಜ ನಂಬ್ತಿರ್ಲಿಲ್ಲ ಬಿಡಿ. 2022ರಲ್ಲಿ 1942ರದ್ದನ್ನ ತೆಗೆದು ಹೊಸ ಕಾಫಿ ಕಾಯ್ದೆ ತರ್ತೀವಿ ಅಂತ ವಾಣಿಜ್ಯ ಸಚಿವಾಲಯ ಕರಡು ಹಾಕಿ ಅಭಿಪ್ರಾಯ ಕೇಳಿತ್ತು. ಇಲ್ಲಿ ಎಷ್ಟು ಜನ ಅದನ್ನ ಓದಿದ್ರಿ? ಕೈ ಎತ್ತಿ. (ಇಬ್ರು ಎತ್ತಿದ್ರು. ಅದ್ರಲ್ಲಿ ಒಬ್ರು ನನ್ನ ಜೂನಿಯರ್ ಲಾಯರ್.)

ಈಗ ಎಂಪಿಗಳ ವಿಷಯ. ನಮ್ಮ ಎಂಪಿ ಎದ್ದುನಿಂತು ಇದು ನಮ್ಮ ಜಿಲ್ಲೆಗೆ ತೊಂದರೆ, ನಾನು ವಿರುದ್ಧ ವೋಟ್ ಹಾಕ್ತೀನಿ ಅನ್ಬಹುದಾ? 1985ರ 52ನೇ ತಿದ್ದುಪಡಿ, ಪಕ್ಷಾಂತರ ನಿಷೇಧ, ಆಯಾರಾಂ ಗಯಾರಾಂ ಕಾಟ ತಡೆಯೋಕೆ ಬಂದಿದ್ದು. ಒಳ್ಳೇ ಉದ್ದೇಶನೇ. ಆದ್ರೆ ಅದ್ರಲ್ಲಿ ಪಾರ್ಟಿ ವಿಪ್, ಅಂದ್ರೆ ಹಿಂಗೇ ವೋಟ್ ಹಾಕಿ ಅನ್ನೋ ಪಾರ್ಟಿ ಆದೇಶ ಮೀರಿ ವೋಟ್ ಹಾಕಿದ್ರೆ ಸೀಟೇ ಹೋಗ್ಬಹುದು ಅಂತ ಸೇರ್ಕೊಂತು, ಸರ್ಕಾರ ಉಳಿಯೋ ಬೀಳೋ ವೋಟಿಗೆ ಮಾತ್ರ ಅಲ್ಲ, ಎಲ್ಲ ವೋಟಿಗೂ. ಇದಾದ್ಮೇಲೆ ಸದನದ ಭಾಷಣ ಕೇಳಿ ಮನಸ್ಸು ಬದಲಾಯಿಸೋನಿಗೆ ಜಾಗಾನೇ ಇಲ್ಲ. ನನಗೆ ಇದು ಬಹಳ ಬೇಜಾರಿನ ವಿಷಯ, ಇವರನ್ನ ಬೈಯೋದು ಸುಲಭ, ಆದ್ರೆ ಪಾಪ ಅವರ ಕೈಯನ್ನ ಅವರೇ ಕಟ್ಕೊಂಡಿದಾರೆ.

ಎಂಪಿಗಳು ಸ್ವಲ್ಪ ಮನಸ್ಸು ಬಿಚ್ಚಿ ಮಾತಾಡೋ ಜಾಗ ಅಂದ್ರೆ ಸ್ಥಾಯಿ ಸಮಿತಿ. ಒಂದೊಂದರಲ್ಲಿ 31 ಜನ, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಅಲ್ಲಿ ಟೀವಿ ಇಲ್ಲ, ವಿಪ್ ಇಲ್ಲ, ಅಧಿಕಾರಿಗಳನ್ನ ಕರೆಸ್ತಾರೆ, ಸಂಘ ಸಂಸ್ಥೆಯೋರನ್ನ ಕರೆಸ್ತಾರೆ, ಪದ ಪದ ನೋಡ್ತಾರೆ. ನನ್ನ ಕೇಳಿದ್ರೆ ಇಡೀ ಸಂಸತ್ತಲ್ಲಿ ನಮ್ಮಂಥೋರ ಮಾತು ಪದವಾಗಿ ಒಳಗೆ ಹೋಗೋಕೆ ಇರೋ ಒಂದೇ ಕಿಟಕಿ ಅದು. 15ನೇ ಲೋಕಸಭೆ ಕಾಲದಲ್ಲಿ ನೂರಕ್ಕೆ ಸುಮಾರು 71 ಬಿಲ್ಲು ಸಮಿತಿಗೆ ಹೋಗಿದ್ವು. 17ನೇ ಲೋಕಸಭೆಗೆ ಬಂದಾಗ ಅದು 16ಕ್ಕೆ ಇಳೀತು.

ಕಿಟಕಿ ಮುಚ್ಚಿದ್ರೆ ಏನಾಗುತ್ತೆ ಅಂತ ಕೃಷಿ ಕಾಯ್ದೆಗಳಲ್ಲಿ ನೋಡಿದ್ವಿ. ಆ ಕಾಯ್ದೆ ಸರಿನೋ ತಪ್ಪೋ ಅಂತ ನಾನು ಇಲ್ಲಿ ಹೇಳಲ್ಲ, ಈ ಹಾಲಲ್ಲೇ ಎರಡು ಪಾರ್ಟಿ ಆಗುತ್ತೆ. ಆದದ್ದು ಮಾತ್ರ ಕೇಳಿ. 2020ರ ಜೂನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರಲ್ಲಿ ಸಮಿತಿಗೆ ಕಳಿಸ್ದೆ ಪಾಸು, ರಾಜ್ಯಸಭೆಯಲ್ಲಿ ಗದ್ದಲದ ನಡುವೆ ಧ್ವನಿಮತ. ಮೊದಲೇ ಕರ್ದು ಕೇಳಿದ್ದಿದ್ರೆ ಸಮಿತಿ ರೂಮಲ್ಲಿ ನಾಲ್ಕು ದಿನ ಜಗಳ ಆಡ್ತಿದ್ದೋರು ಡೆಲ್ಲಿ ಗಡಿಯಲ್ಲಿ ಟ್ರ್ಯಾಕ್ಟರ್ ನಿಲ್ಸಿ ವರ್ಷ ಕೂತ್ರು. 2021ರ ನವೆಂಬರ್ 29ಕ್ಕೆ ರದ್ದು ಮಾಡೋ ಬಿಲ್ಲು ಬಂತು, ಎರಡೂ ಸದನದಲ್ಲಿ ಒಂದೇ ದಿನ, ಚರ್ಚೆನೇ ಇಲ್ದೆ ಪಾಸಾಯ್ತು. ತರೋವಾಗ್ಲೂ ಸಮಿತಿ ಇಲ್ಲ, ತೆಗ್ಯೋವಾಗ್ಲೂ ಮಾತಿಲ್ಲ!

ಹಾಸನದೋರು ಯಾರಾದ್ರೂ ಬಂದಿದೀರಾ? (ನಾಕೈದು ಕೈ.) ಬನ್ನಿ, ನಿಮ್ಮೂರಿಗೆ ಬರ್ತೀನಿ. 1996ರ ಜೂನ್ 1ಕ್ಕೆ ದೇವೇಗೌಡ್ರು ಪ್ರಧಾನಿ ಆದ್ರು, ಹರದನಹಳ್ಳಿ ಮಣ್ಣಿನೋರು. ಆ ಸೆಪ್ಟೆಂಬರ್ 12ಕ್ಕೆ ಅವರ ಸರ್ಕಾರ ಲೋಕಸಭೆಯಲ್ಲಿ ಮಹಿಳಾ ಮೀಸಲಾತಿ ಬಿಲ್ಲು ಮಂಡಿಸ್ತು. ಇದು ಬಾನಿಂದ ಬಿದ್ದ ಯೋಚನೆ ಅಲ್ಲ. ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ, ಪಂಚಾಯ್ತಿ ಮಂತ್ರಿ ನಜೀರ್ ಸಾಬ್ ಕಾಲದ 1983ರ ಪಂಚಾಯ್ತಿ ಕಾಯ್ದೆಯಲ್ಲೇ ಹೆಂಗಸರಿಗೆ ನೂರಕ್ಕೆ 25 ಸೀಟು ಇಟ್ಟಿದ್ರು, 1987ರಲ್ಲಿ ಎಲೆಕ್ಷನ್ ಆಗಿ ಊರೂರಲ್ಲಿ ಹೆಂಗಸರು ಮಂಡಲ ಪಂಚಾಯ್ತಿಗೆ ಬಂದ್ರು. ನನಗೆ ನೆನಪಿದೆ, ನಮ್ಮೂರಿನ ಮೆಂಬರಮ್ಮ ಮೊದಲನೇ ಮೀಟಿಂಗಿಗೆ ಗಂಡನ ಹಿಂದೆ ಹೋದೋರು ವರ್ಷ ಕಳೆಯೋದ್ರೊಳಗೆ ಬೋರ್‌ವೆಲ್ ಎಲ್ಲಿ ಹೊಡೀಬೇಕು ಅಂತ ಎಂಜಿನಿಯರ್ ಜೊತೆ ವಾದಕ್ಕೆ ನಿಲ್ತಿದ್ರು, ಗಂಡ ಹೊರಗೆ ಕಟ್ಟೆ ಮೇಲೆ ಬೀಡಿ ಸೇದ್ಕೊಂಡು ಕೂತಿರ್ತಿದ್ದ. ಆಮೇಲೆ 1993ರಲ್ಲಿ 73ನೇ ತಿದ್ದುಪಡಿ ಜಾರಿಗೆ ಬಂದು ಇಡೀ ದೇಶದ ಪಂಚಾಯ್ತಿಗಳಲ್ಲಿ ಮೂರನೇ ಒಂದು ಭಾಗ. ಕೆಳಗೆ ಆಗಿದ್ದನ್ನ ಮೇಲೆ ಲೋಕಸಭೆ, ವಿಧಾನಸಭೆಗಳಲ್ಲೂ ಮಾಡೋಣ ಅಂತ 1996ರ ಬಿಲ್ಲು.

ಆಯ್ತಾ? ಆಗ್ಲಿಲ್ಲ. ಗೀತಾ ಮುಖರ್ಜಿಯವರ ಅಧ್ಯಕ್ಷತೆಯಲ್ಲಿ ಜಂಟಿ ಸಮಿತಿ ಮಾಡಿದ್ರು, ಅವರು ಡಿಸೆಂಬರಿಗೇ ವರದಿ ಕೊಟ್ರು. ಆದ್ರೆ ಸರ್ಕಾರ ನಿಂತಿದ್ದೇ ಹತ್ತಾರು ಪಾರ್ಟಿಗಳ ಹೆಗಲ ಮೇಲೆ, ಒಳಗೊಳಗೇ ಒಪ್ಪಿಗೆ ಇಲ್ಲ. ಹಿಂದುಳಿದ ವರ್ಗದ ಹೆಂಗಸರಿಗೆ ಒಳಮೀಸಲಾತಿ ಎಲ್ಲಿ ಅಂತ ಕೆಲವರು ಕೇಳಿದ್ರು, ಆ ಪ್ರಶ್ನೆಯಲ್ಲಿ ನ್ಯಾಯಾನೂ ಇತ್ತು, ಅದನ್ನ ಗುರಾಣಿ ಮಾಡ್ಕೊಂಡು ತಮ್ಮ ಸೀಟು ಉಳಿಸ್ಕೊಳ್ಳೋರೂ ಇದ್ರು. ಯಾಕಂದ್ರೆ ನೋಡಿ, ಇದು ಬೇರೆ ಯಾರಿಗೋ ಮಾಡೋ ಕಾನೂನಲ್ಲ, ವೋಟ್ ಹಾಕೋರ ಸೀಟಿಗೇ ಕುತ್ತು. ಗೌಡ್ರ ಸರ್ಕಾರ 1997ರ ಏಪ್ರಿಲಲ್ಲಿ ಹೋಯ್ತು. 1998ರಲ್ಲಿ ಬಿಲ್ಲಿನ ಪ್ರತಿ ಕಿತ್ಕೊಂಡು ಸದನದಲ್ಲೇ ಹರಿದ್ರು. 2010ರ ಮಾರ್ಚ್ 9ಕ್ಕೆ ರಾಜ್ಯಸಭೆಯಲ್ಲಿ ಪಾಸಾಯ್ತು, ಲೋಕಸಭೆಗೆ ಬರ್ಲೇ ಇಲ್ಲ. 2023ರ ಸೆಪ್ಟೆಂಬರಲ್ಲಿ ಮೂರೇ ದಿನದಲ್ಲಿ ಮಂಡನೆ ಆಗಿ, ಲೋಕಸಭೆಯಲ್ಲಿ 454ಕ್ಕೆ 2, ರಾಜ್ಯಸಭೆಯಲ್ಲಿ 214ಕ್ಕೆ 0. 27 ವರ್ಷ ಜಗಳ ಆಡಿದೋರು ಒಂದೇ ವಾರದಲ್ಲಿ ಹೆಂಗೆ ಒಂದಾದ್ರು? ಎಲೆಕ್ಷನ್ ಹತ್ರ ಇತ್ತು, ಹೆಂಗಸರ ವೋಟು ಎಷ್ಟು ಅಂತ ಎಲ್ಲ ಪಾರ್ಟಿಗೂ ಲೆಕ್ಕ ಗೊತ್ತಾಗಿತ್ತು, ಅದು ಒಂದು. ಇನ್ನೊಂದು, ಅದ್ರಲ್ಲಿ ಒಂದು ಸಾಲು ಇತ್ತು. ಇದಾದ್ಮೇಲೆ ನಡೆಯೋ ಮೊದಲನೇ ಜನಗಣತಿ, ಅದರ ಲೆಕ್ಕದ ಮೇಲೆ ಕ್ಷೇತ್ರ ಪುನರ್ವಿಂಗಡಣೆ, ಅದಾದ್ಮೇಲೆ ಮೀಸಲಾತಿ ಜಾರಿ ಅಂತ. ಅಂದ್ರೆ ಆವತ್ತು ಕೈ ಎತ್ತಿದೋರು ಯಾರೂ ಮುಂದಿನ ಎಲೆಕ್ಷನ್ನಲ್ಲಿ ಸೀಟು ಬಿಡಬೇಕಾಗಿರ್ಲಿಲ್ಲ. 2024ರ ಎಲೆಕ್ಷನ್ನು ಮೀಸಲಾತಿ ಇಲ್ದೇನೇ ನಡೀತು.

ಮಾತಿನ ಕೊನೆಗೆ ಒಬ್ಬ ಕಾಲೇಜು ಹುಡುಗಿ ಕೇಳಿದ್ಲು, ಸಾರ್ ನಾವು ಮಾಡೋದೇನಿದೆ, ಎಂಪಿಗೆ ಅರ್ಜಿ ಕೊಟ್ರೆ ಆಗುತ್ತಾ ಅಂತ. ನಾನು ಹೇಳಿದೆ, ಕೊಡು, ಆದ್ರೆ ಬಿಲ್ಲು ಪಾಸಾದ್ಮೇಲೆ ಕೊಡ್ಬೇಡ. 2014ರಲ್ಲಿ ಕೇಂದ್ರ ಸರ್ಕಾರನೇ ಒಂದು ನೀತಿ ಮಾಡ್ಕೊಂಡಿದೆ, ಕರಡು ಬಿಲ್ಲನ್ನ ಕಮ್ಮಿ ಅಂದ್ರೂ 30 ದಿನ ಜನರ ಮುಂದೆ ಇಡಬೇಕು ಅಂತ, ಇಡ್ಲೇಬೇಕು ಅನ್ನೋ ಕಾನೂನಿನ ಬಲ ಇಲ್ಲ, ಆದ್ರೂ ಇಟ್ಟಾಗ ಬರೀಬಹುದು. ಸಮಿತಿಗಳು ಪೇಪರಲ್ಲಿ ಜಾಹೀರಾತು ಕೊಟ್ಟು ಸಲಹೆ ಕೇಳ್ತವೆ, ಮೂಲೆಯಲ್ಲಿರುತ್ತೆ, ಹರಾಜು ಪ್ರಕಟಣೆ ಪಕ್ಕದಲ್ಲೇ ಇರ್ಬಹುದು. ಬರೀವಾಗ ನಮಗೆ ಅನ್ಯಾಯ ಆಗಿದೆ ಅಂತ ನಾಕು ಪುಟ ತುಂಬಿಸಿದ್ರೆ ಯಾರೂ ಓದಲ್ಲ, ಇಂಥ ಕಲಂನಲ್ಲಿ ಇಂಥ ಪದ ಆದ್ಮೇಲೆ ಈ ಪದ ಸೇರಿಸಿ ಅಂತ ಬರ್ದ್ರೆ ಯಾರೋ ಒಬ್ಬ ಅಧಿಕಾರಿ ಪೆನ್ಸಿಲಲ್ಲಿ ಗುರುತಾದ್ರೂ ಹಾಕ್ತಾನೆ. ಬ್ಯಾಂಕಿನೋರು, ಕಂಪನಿಯೋರು ಹಂಗೇ ಬರೀತಾರೆ.

ಇನ್ನೊಬ್ರು ಎದ್ರು, ಎಂಬತ್ತರ ಆಸುಪಾಸಿನ ಹಿರಿಯರು, ತಲೆಗೆ ಮಫ್ಲರು. ಲಾಯರೇ, ಆ ಕೃಷಿ ಭೂಮಿ ವಿಷಯ ನೀವು ಅರ್ಧ ಹೇಳಿದ್ರಿ ಅಂದ್ರು. 1961ರ ಭೂಸುಧಾರಣೆ ಕಾಯ್ದೆ, ಆಮೇಲೆ 74ರಲ್ಲಿ ಮುಖ್ಯಮಂತ್ರಿ ದೇವರಾಜ ಅರಸು ಅದನ್ನ ಬಿಗಿ ಮಾಡಿದ್ರಲ್ಲ, ಆಗ ಕಾಫಿ ತೋಟಕ್ಕೆ ಸೀಲಿಂಗ್, ಇಷ್ಟೇ ಎಕರೆ ಅನ್ನೋ ಮಿತಿ, ಯಾಕೆ ತಾಗ್ಲಿಲ್ಲ ಹೇಳಿ ಅಂದ್ರು. 104ನೇ ಕಲಂ, ಪ್ಲಾಂಟೇಷನ್‌ಗೆ ಅನ್ವಯ ಆಗಲ್ಲ ಅಂತ ಇದೆ ಅಂದೆ. ಹ್ಞಾಂ, ಅದೇ, ಅಂದ್ರು ಅವರು. ಗದ್ದೆ ಮಾಡೋರ ಜಮೀನಿಗೆ ಮಿತಿ ಹಾಕ್ವಾಗ ಕಾಫಿ ಕೃಷಿ ಅಲ್ಲ, ಅದೊಂದು ಉದ್ಯಮ ಇದ್ದಂಗೆ, ಅದನ್ನ ಬೇರೆ ಇಡಿ ಅಂತ ಮನವಿ ಬರ್ದು ಬೆಂಗಳೂರಿಗೆ ಒಯ್ದೋರಲ್ಲಿ ನಮ್ಮಪ್ಪನೂ ಒಬ್ರು. ಟೈಪ್ ಮಾಡ್ಸಿದ್ದು ನಾನೇ. ಆ ಕಾಪಿ ಇನ್ನೂ ಬೀರುವಲ್ಲಿದೆ, ಬೇಕಾದ್ರೆ ತಂದ್ಕೊಡ್ತೀನಿ ಅಂದು ಕೂತ್ಕೊಂಡ್ರು.

ಹಾಲಲ್ಲಿ ಯಾರೂ ಮಾತಾಡ್ಲಿಲ್ಲ. ಅಷ್ಟೊತ್ತಿಗೆ ಕರೆಂಟ್ ಬಂತು, ಮೈಕು ಕುಯ್ಯೋ ಅಂತು. ಮಾರನೇ ವಾರ ಅವರ ಮನೆಗೆ ಹೋಗಿ ಆ ಕಾಪಿ ಜೆರಾಕ್ಸ್ ಮಾಡಿಸ್ಕೊಂಡು ಬಂದೆ. ಈ ಹರಾಜು ಕಟಿಂಗ್ ಇಟ್ಟಿದ್ದ ಫೈಲಲ್ಲೇ ಹಾಕಿದೀನಿ.